‘ಕ್ಯಾನ್ಸರ್ ಇತ್ತು’ ಎಂದಷ್ಟಕ್ಕೆ ಕವಾಟದ ಚಿಕಿತ್ಸೆ ನಿಲ್ಲಬಾರದು

ಸಂಪಾದಕರಿಗೆ,

ಮಾನ್ಯರೇ,

ಎಪ್ಪತ್ತು ದಾಟಿದ ಹಿರಿಯರಿಗೆ ಹೃದಯದ ಕವಾಟ ಬಿಗಿದು ದಮ್ಮು ಹತ್ತತೊಡಗಿದಾಗ, ಹಳೆಯ ಫೈಲಿನಲ್ಲಿ ‘ಕ್ಯಾನ್ಸರ್ ಇತ್ತು’ ಎಂದು ಬರೆದದ್ದು ಕಂಡರೆ ಮುಂದಿನ ಮಾತು ಅಲ್ಲಿಗೇ ನಿಂತುಬಿಡುತ್ತದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತಿದೆ. ‘ಒಮ್ಮೆ ಅಷ್ಟು ತ್ರಾಸು ತಿಂದಾರ, ಮತ್ತ್ಯಾಕ ಕೊಯ್ಸೋದು’ ಎಂದು ಮನೆಯವರು ಹಿಂದೇಟು ಹಾಕುತ್ತಾರೆ. ವೈದ್ಯರಲ್ಲೂ ಕೆಲವರು ‘ಗುಳಿಗೆ ಮೇಲೆ ನಡೆಯಲಿ’ ಎಂದು ಬರೆದು ಕಳಿಸುತ್ತಾರೆ. ಬಿಗಿದ ಕವಾಟವನ್ನು ಸಡಿಲ ಮಾಡುವ ಗುಳಿಗೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಮೂತ್ರ ಹೆಚ್ಚಿಸುವ ಗುಳಿಗೆಯಿಂದ ಕಾಲಿನ ಬಾವು ಇಳಿಯುತ್ತದೆ, ನಾಲ್ಕು ದಿನ ನಿದ್ದೆ ಬರುತ್ತದೆ, ಅಷ್ಟೇ. ಯಾರಿಗೆ ಕವಾಟ ಹಾಕಬೇಕು, ಯಾರಿಗೆ ಹಾಕಬಾರದು, ಹಾಕುವ ಮೊದಲು ಏನು ನೋಡಬೇಕು ಎಂಬುದನ್ನು ಓದುಗರ ಮುಂದೆ ಇಡಬೇಕೆಂದು ಈ ಪತ್ರ.

ಹೃದಯದ ಎಡಗಡೆಯ ಕೆಳಕೋಣೆಯಿಂದ ಮಹಾಪಧಮನಿಗೆ ರಕ್ತ ಹೋಗುವ ಬಾಗಿಲಿಗೆ ಮೂರು ಎಸಳುಗಳಿವೆ. ಆರೋಗ್ಯವಾಗಿದ್ದಾಗ ಹಾಲಿನ ಕೆನೆಯಷ್ಟು ತೆಳು. ವಯಸ್ಸಾದಂತೆ ಅವುಗಳ ಮೇಲೆ ಸುಣ್ಣ ಕೂರುತ್ತದೆ. ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆದ ಇಂಥ ಕವಾಟವನ್ನು ಸ್ಟೀಲಿನ ಬಟ್ಟಲಿಗೆ ಹಾಕಿದರೆ ಹರಳು ಬಿದ್ದಂತೆ ಟಣ್ ಎನ್ನುತ್ತದೆ. 3ರಿಂದ 4 ಚದರ ಸೆಂಟಿಮೀಟರ್ ತೆರೆಯಬೇಕಾದ ಬಾಗಿಲು 1 ಚದರ ಸೆಂಟಿಮೀಟರಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಕಾಯಿಲೆ ತೀವ್ರವಾಗಿದೆ ಎಂದರ್ಥ. ಎಕೋ (ಶಬ್ದತರಂಗದಿಂದ ಹೃದಯ ನೋಡುವ ಪರೀಕ್ಷೆ) ವರದಿಯಲ್ಲಿ ಇನ್ನೆರಡು ಅಂಕಿ ಇರುತ್ತವೆ: ರಕ್ತದ ವೇಗ ಸೆಕೆಂಡಿಗೆ 4 ಮೀಟರ್, ಕವಾಟದ ಆಚೆ-ಈಚೆಯ ಸರಾಸರಿ ಒತ್ತಡದ ವ್ಯತ್ಯಾಸ 40 ಮಿ.ಮೀ. ಪಾದರಸ. ಇವು ಈ ಮಟ್ಟ ಮುಟ್ಟಿ, ಮೆಟ್ಟಿಲು ಹತ್ತುವಾಗ ದಮ್ಮು, ಎದೆ ಹಿಡಿತ, ಎಚ್ಚರ ತಪ್ಪುವುದು ಶುರುವಾದರೆ ಕಾಯುವ ಕಾಲ ಮುಗಿದಂತೆ. ಎದೆ ತೆರೆಯುವ ಶಸ್ತ್ರಚಿಕಿತ್ಸೆಯನ್ನು ತಾಳಲಾರದ ಹಿರಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೊಸ ಕವಾಟ ಹಾಕಿಸಿಕೊಳ್ಳದೆ ಉಳಿದ ಚಿಕಿತ್ಸೆಯಲ್ಲಿದ್ದವರಲ್ಲಿ ಅರ್ಧದಷ್ಟು ಜನ ಒಂದೇ ವರ್ಷದಲ್ಲಿ ತೀರಿಕೊಂಡರು. ತೊಡೆಯ ರಕ್ತನಾಳದ ಮೂಲಕ ಕವಾಟ ಹಾಕಿಸಿಕೊಂಡವರಲ್ಲಿ ಈ ಪ್ರಮಾಣ ಶೇ 30ರ ಆಸುಪಾಸು ಇತ್ತು. ಎಷ್ಟೋ ಕ್ಯಾನ್ಸರುಗಳು ಇಷ್ಟು ಬೇಗ ಜೀವ ತೆಗೆಯುವುದಿಲ್ಲ. ಈ ಹೋಲಿಕೆಯನ್ನು ಮನೆಯವರಿಗೆ ಯಾರೂ ಹೇಳುವುದಿಲ್ಲ ಎಂಬುದೇ ನಮ್ಮ ಸಂಕಟ.

ತೊಡೆಯ ಮೂಲಕ ಹಾಕುವ ಈ ವಿಧಾನಕ್ಕೆ ಟಾವಿ ಎನ್ನುತ್ತಾರೆ. ಫ್ರಾನ್ಸಿನ ರೂಆನ್ ನಗರದಲ್ಲಿ ಅಲೆನ್ ಕ್ರಿಬಿಯೆ 2002ರ ಏಪ್ರಿಲ್‌ನಲ್ಲಿ ಮೊದಲ ಬಾರಿ ಮಾಡಿದರು. ಈಗ ನಮ್ಮ ದೇಶದಲ್ಲೇ, ಗುಜರಾತಿನ ವಾಪಿಯಲ್ಲಿ ಇಂಥ ಕವಾಟ ತಯಾರಾಗುತ್ತದೆ. ಎದೆಮೂಳೆ ಸೀಳುವುದಿಲ್ಲ, ಹೃದಯ ನಿಲ್ಲಿಸಿ ಯಂತ್ರಕ್ಕೆ ಜೋಡಿಸುವುದಿಲ್ಲ, ಎಲ್ಲ ಸರಿಹೋದರೆ ಮೂರು-ನಾಲ್ಕು ದಿನದಲ್ಲಿ ಮನೆ. ಆದರೆ ತೊಡೆಯ ರಕ್ತನಾಳ ಕನಿಷ್ಠ 5ರಿಂದ 5.5 ಮಿಲಿಮೀಟರ್ ಅಗಲ ಇರಬೇಕು. ಕೆಲವರಿಗೆ ಹೃದಯದ ಬಡಿತ ಕಾಯುವ ಪೇಸ್‌ಮೇಕರ್ ಯಂತ್ರ ಬೇಕಾಗುತ್ತದೆ. ನೂರರಲ್ಲಿ ಎರಡು-ಮೂರು ಜನಕ್ಕೆ ಲಕ್ವ ಹೊಡೆಯುವ ಅಪಾಯವೂ ಇದೆ.

ಕ್ಯಾನ್ಸರ್ ಇರುವವರಲ್ಲಿ ಇದರ ಫಲ ಹೇಗೆ? ಹಲವು ದೇಶಗಳ ಆಸ್ಪತ್ರೆಗಳು ಸೇರಿ, ಚಿಕಿತ್ಸೆ ಇನ್ನೂ ನಡೆಯುತ್ತಿದ್ದ 222 ಕ್ಯಾನ್ಸರ್ ರೋಗಿಗಳ ಟಾವಿ ಫಲಿತಾಂಶವನ್ನು 2019ರಲ್ಲಿ ಪ್ರಕಟಿಸಿದವು. ಮೊದಲ 30 ದಿನದ ಸಾವು ಮತ್ತು ತೊಡಕುಗಳಲ್ಲಿ ಕ್ಯಾನ್ಸರ್ ಇಲ್ಲದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಒಂದು ವರ್ಷದ ಹೊತ್ತಿಗೆ ಇವರಲ್ಲಿ ಶೇ 15, ಉಳಿದವರಲ್ಲಿ ಶೇ 9 ಜನ ಸತ್ತಿದ್ದರು. ಇವರ ಸಾವುಗಳಲ್ಲಿ ಅರ್ಧ ಆಗಿದ್ದು ಕ್ಯಾನ್ಸರಿನಿಂದಲೇ. ಒಂದನೇ, ಎರಡನೇ ಹಂತದ ಕ್ಯಾನ್ಸರ್ ಇದ್ದವರು ಕ್ಯಾನ್ಸರ್ ಇಲ್ಲದವರಷ್ಟೇ ಚೆನ್ನಾಗಿದ್ದರು. ಅಂತರ ಬಿದ್ದದ್ದು ಹರಡಿದ ಕಾಯಿಲೆಯವರಲ್ಲಿ. ಚಿಕಿತ್ಸೆ ನಡೆಯುತ್ತಿದ್ದವರ ಕಥೆಯೇ ಹೀಗಿರುವಾಗ, ಎಂಟು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಮುಗಿಸಿ ಆರಾಮಾಗಿರುವ ಆಯಿಯನ್ನು ಕವಾಟಕ್ಕೆ ಅನರ್ಹ ಎನ್ನುವುದು ಯಾವ ನ್ಯಾಯ? ಪ್ರಾಸ್ಟೇಟ್ ಗ್ರಂಥಿಯೊಳಗೇ ಉಳಿದ ಕ್ಯಾನ್ಸರಿನ ಸಂಗತಿಯೂ ಅಷ್ಟೇ. ಬ್ರಿಟನ್ನಿನಲ್ಲಿ 15 ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನದಲ್ಲಿ ಅದರಿಂದ ಸತ್ತವರು ನೂರಕ್ಕೆ ಸುಮಾರು ಮೂರು ಜನ.

ಹಾಗಾದರೆ ಯಾರಿಗೆ ಬೇಡ? ಕ್ಯಾನ್ಸರಿನ ಕಾರಣದಿಂದಲೇ ಇನ್ನೊಂದು ವರ್ಷ ಬದುಕುವ ಭರವಸೆ ಇಲ್ಲ ಎಂದು ಕ್ಯಾನ್ಸರ್ ವೈದ್ಯರು ಹೇಳಿದರೆ ಕವಾಟ ಹಾಕಬಾರದು. ಅದರಿಂದ ಆಯುಷ್ಯ ಹೆಚ್ಚದು, ಉಳಿದ ದಿನಗಳು ಐಸಿಯುದಲ್ಲಿ ಕಳೆದುಹೋಗುತ್ತವೆ. ಅಂಥವರ ದಮ್ಮಿಗೆ ಮೂತ್ರದ ಗುಳಿಗೆ, ಸಣ್ಣ ಪ್ರಮಾಣದ ಮಾರ್ಫಿನ್ ಇವೆ. ಕೆಲವೊಮ್ಮೆ ಬಲೂನಿನಿಂದ ಕವಾಟ ಹಿಗ್ಗಿಸುವುದೂ ಉಂಟು, ಆದರೆ ಅದು ಆರರಿಂದ ಹನ್ನೆರಡು ತಿಂಗಳೊಳಗೆ ಮತ್ತೆ ಬಿಗಿಯುವುದೇ ಹೆಚ್ಚು. ಈ ‘ಒಂದು ವರ್ಷ’ದ ಲೆಕ್ಕವನ್ನು ಹೃದಯದ ವೈದ್ಯರು ಅಂದಾಜಿನ ಮೇಲೆ ಹಾಕಬಾರದು. ಕ್ಯಾನ್ಸರಿಗೆ ಚಿಕಿತ್ಸೆ ಕೊಟ್ಟವರನ್ನೇ ಕೇಳಬೇಕು. ಫೋನಿನಲ್ಲಿ ಹತ್ತು ನಿಮಿಷದ ಮಾತು ಅದು. ಶಸ್ತ್ರಚಿಕಿತ್ಸೆಯ ಅಪಾಯ ಲೆಕ್ಕ ಹಾಕುವ ಎಸ್‌ಟಿಎಸ್ ಸ್ಕೋರಿನಲ್ಲಿ 4ಕ್ಕಿಂತ ಕೆಳಗಿದ್ದರೆ ಕಡಿಮೆ, 8ಕ್ಕಿಂತ ಮೇಲಿದ್ದರೆ ಹೆಚ್ಚು ಅಪಾಯ ಎನ್ನುತ್ತಾರೆ; ಕ್ಯಾನ್ಸರಿನ ಹಂತ ಆ ಲೆಕ್ಕದೊಳಗೆ ಬರುವುದಿಲ್ಲ. ದೇಹದ ಶಕ್ತಿಯನ್ನಂತೂ ಯಾವ ಯಂತ್ರವೂ ಇಲ್ಲದೆ ಅಳೆಯಬಹುದು. ಐದು ಮೀಟರ್ ನಡೆಯಲು ಆರು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ, ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಆಗುತ್ತದೆಯೇ ನೋಡಿದರೆ ಸಾಕು.

ಇನ್ನು, ಹಳೆಯ ಚಿಕಿತ್ಸೆ ಹೃದಯದ ಮೇಲೆ ಉಳಿಸಿಹೋದ ಗುರುತು. ನಮ್ಮ ಕಡೆ ರೇಡಿಯೇಷನ್‌ಗೆ ‘ಕರೆಂಟ್ ಕೊಡಿಸೋದು’ ಎನ್ನುತ್ತಾರೆ. ಎಡ ಸ್ತನಕ್ಕೆ ಅಥವಾ ಎದೆಯ ನಡುವಿನ ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಗಡ್ಡೆಗೆ ಕರೆಂಟ್ ಕೊಡಿಸಿ 10–20 ವರ್ಷವಾದ ಮೇಲೆ ಕವಾಟ ದಪ್ಪವಾಗಿ ಸುಣ್ಣಗಟ್ಟುವುದುಂಟು. ಹಳೆಯ ಕೋಬಾಲ್ಟ್ ಯಂತ್ರಗಳ ಕಾಲದಲ್ಲಿ ಹೃದಯವನ್ನು ಬಿಟ್ಟು ಕಿರಣ ಹಾಯಿಸುವುದು ಈಗಿನಷ್ಟು ಸಾಧ್ಯವಿರಲಿಲ್ಲ. ಇಂಥವರ ಎದೆ ತೆರೆದರೆ ತೊಂದರೆ ಒಂದರ ಮೇಲೊಂದು. ಮಹಾಪಧಮನಿ ಚಿಪ್ಪಿನಂತೆ ಗಟ್ಟಿಯಾಗಿ, ರಕ್ತ ತಡೆಹಿಡಿಯುವ ಕ್ಲ್ಯಾಂಪ್ ಹಾಕಲು ಜಾಗವೇ ಇರುವುದಿಲ್ಲ. ಹಾಕಿದರೆ ಸುಣ್ಣದ ಚೂರು ಸಿಡಿದು ಮಿದುಳಿಗೆ ಹೋಗುತ್ತದೆ. ಬೈಪಾಸ್ಸಿಗೆ ಬಳಸುವ ಎದೆಯ ಒಳಗಿನ ರಕ್ತನಾಳವೂ ಕರೆಂಟಿಗೆ ಸಿಕ್ಕು ಹಾಳಾಗಿರಬಹುದು. ಎದೆಮೂಳೆಯ ಗಾಯ ಬೇಗ ಮಾಯುವುದಿಲ್ಲ, ಶ್ವಾಸಕೋಶ ಬಿಗಿದಿರುತ್ತದೆ. ಆದ್ದರಿಂದ ಇವರಿಗೆ ಟಾವಿ ಮೊದಲ ಆಯ್ಕೆ. ಅದನ್ನು ಮಾಡುವಾಗಲೂ ಹೃದಯದ ಸುತ್ತಲಿನ ಚೀಲ ದಪ್ಪವಾಗಿದೆಯೇ ಎಂದು ಮೊದಲೇ ನೋಡದಿದ್ದರೆ, ಕವಾಟ ಚೆನ್ನಾಗಿ ಕೂತರೂ ಹೊಟ್ಟೆಯ ನೀರು, ಕಾಲಿನ ಬಾವು ಹಾಗೇ ಉಳಿಯುತ್ತವೆ. ಆಗ ‘ವಾಲ್ವ್ ಹಾಕಿಸಿ ಏನು ಬಂತು’ ಎಂಬ ಮಾತು ಊರಿಗೆಲ್ಲ ಹಬ್ಬುತ್ತದೆ.

ಕಿಮೋದಲ್ಲಿ ನೋಡಬೇಕಾದದ್ದು ಡಾಕ್ಸೊರುಬಿಸಿನ್, ಕೆಂಪು ಬಣ್ಣದ ಆ ಸಲೈನ್ ಔಷಧಿ. ಎಲ್ಲ ಸುತ್ತುಗಳನ್ನೂ ಕೂಡಿಸಿದಾಗ ದೇಹದ ಪ್ರತಿ ಚದರ ಮೀಟರಿಗೆ 400 ಮಿಲಿಗ್ರಾಂ ಆದರೆ ನೂರಕ್ಕೆ ಸುಮಾರು ಐವರಲ್ಲಿ, 550 ಆದರೆ ಸುಮಾರು 26 ಜನರಲ್ಲಿ ಹೃದಯ ಸೋಲುತ್ತದೆ. ಇಲ್ಲೊಂದು ದೊಡ್ಡ ಬಲೆ ಇದೆ. ಸೋತ ಹೃದಯ ಜೋರಾಗಿ ರಕ್ತ ತಳ್ಳುವುದಿಲ್ಲ; ತಳ್ಳದಿದ್ದರೆ ಒತ್ತಡದ ವ್ಯತ್ಯಾಸ 40 ಮುಟ್ಟುವುದಿಲ್ಲ. ಎಕೋ ವರದಿಯಲ್ಲಿ 26 ಅಥವಾ 28 ಎಂದು ನೋಡಿ ‘ಕವಾಟ ಮಧ್ಯಮ ಮಟ್ಟಕ್ಕೆ ಬಿಗಿದಿದೆ’ ಎಂದು ಮನೆಗೆ ಕಳಿಸುತ್ತಾರೆ. ಬಾಗಿಲು 0.8 ಚದರ ಸೆಂಟಿಮೀಟರಿಗೆ ಇಳಿದಿರುವುದು ಅದೇ ಕಾಗದದ ಕೆಳಗಿನ ಸಾಲಿನಲ್ಲಿ ಇರುತ್ತದೆ. ವರದಿಯಲ್ಲಿ ಬಾಗಿಲಿನ ವಿಸ್ತೀರ್ಣ 1ಕ್ಕಿಂತ ಕಡಿಮೆ, ಒತ್ತಡದ ವ್ಯತ್ಯಾಸವೂ 40ಕ್ಕಿಂತ ಕಡಿಮೆ ಇದ್ದರೆ ಅದನ್ನು ಒಪ್ಪಿ ಎದ್ದು ಬರಬೇಡಿ. ಮುಂದಿನ ಪರೀಕ್ಷೆ ಕೇಳಿ. ಹೃದಯದ ಬಡಿತಕ್ಕೆ ಬಲ ಕೊಡುವ ಡೊಬ್ಯುಟಮಿನ್ ಔಷಧಿ ಕೊಟ್ಟು ಮಾಡುವ ಎಕೋ ಒಂದು. ಇನ್ನೊಂದು, ಕವಾಟದ ಸುಣ್ಣ ಎಣಿಸುವ ಸಿ.ಟಿ. ಗಂಡಸರಲ್ಲಿ 2000, ಹೆಂಗಸರಲ್ಲಿ 1200 ಅಂಕ ಮುಟ್ಟಿದರೆ ತೀವ್ರ ಬಿಗಿತ ಇರುವ ಸಂಭವ ಹೆಚ್ಚು. ಈ ಸಿ.ಟಿ.ಗೆ ಬಣ್ಣದ ಔಷಧಿ ಚುಚ್ಚಬೇಕಿಲ್ಲ. ಸಿಸ್ಪ್ಲಾಟಿನ್ ಎಂಬ ಕಿಮೋ ಔಷಧಿ ಪಡೆದು ಮೂತ್ರಪಿಂಡ ಸೋತವರಿಗೆ ಇದು ಬಹಳ ಅನುಕೂಲ.

ಸಿಸ್ಪ್ಲಾಟಿನ್ ಎಂದ ಮೇಲೆ ಇನ್ನೊಂದು ಮಾತು. ಆ ಔಷಧಿ ಕೊಡುವ ದಿನ ಮೂತ್ರಪಿಂಡ ಕಾಪಾಡಲು ಎರಡು-ಮೂರು ಲೀಟರ್ ಸಲೈನ್ ಏರಿಸುತ್ತಾರೆ. ಬಿಗಿದ ಕವಾಟ ಇದ್ದವರಲ್ಲಿ ಆ ನೀರು ಮುಂದೆ ಹೋಗದೆ ಶ್ವಾಸಕೋಶದಲ್ಲಿ ನಿಂತು, ರಾತ್ರಿ ಹೊತ್ತಿಗೆ ರೋಗಿ ಕೂತು ಉಸಿರಾಡುವ ಸ್ಥಿತಿ ಬರುತ್ತದೆ. ಅರವತ್ತೈದು ದಾಟಿದವರಿಗೆ ಕಿಮೋ ಶುರು ಮಾಡುವ ಮೊದಲು ಎದೆಗೆ ಸ್ಟೆಥಾಸ್ಕೋಪ್ ಇಟ್ಟು, ಮರ್ಮರ (ಬಡಿತದ ನಡುವಿನ ಸುಯ್ ಎನ್ನುವ ಸದ್ದು) ಕೇಳಿಸಿದರೆ ಎಕೋ ಮಾಡಿಸಿದರೆ ಇದನ್ನು ತಪ್ಪಿಸಬಹುದು.

ನಮ್ಮ ಭಾಗಕ್ಕೇ ಸೇರಿದ ಸಮಸ್ಯೆ ಬಾಯಿಯ ಕ್ಯಾನ್ಸರಿನದು. ನಿಪ್ಪಾಣಿ ಕಡೆ ತಂಬಾಕು ಹೊಲದಲ್ಲೇ ಬೆಳೆಯುತ್ತದೆ. ಗುಟ್ಕಾ, ತಂಬಾಕು-ಸುಣ್ಣ ಮೂರೂ ಜಿಲ್ಲೆಗಳ ಸಂತೆಗಳಲ್ಲಿ ಸಿಗುತ್ತವೆ. ಬಾಯಿಗೆ ಆಪರೇಷನ್ ಆಗಿ ಕರೆಂಟ್ ಕೊಟ್ಟವರಲ್ಲಿ ದವಡೆ ಬಿಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಇವರಿಗೆ ಅರಿವಳಿಕೆಯ ನಳಿಕೆ ಹಾಕುವುದು ಕಷ್ಟ. ಅನ್ನನಾಳದ ಮೂಲಕ ಮಾಡುವ ಎಕೋದ ಕೊಳವೆ ಒಳಗೆ ಹೋಗುವುದೇ ಇಲ್ಲ. ಹಿಂದಿನ ದಿನವೇ ರೋಗಿಯ ಬೆರಳುಗಳನ್ನೇ ಅವರ ಮೇಲಿನ-ಕೆಳಗಿನ ಹಲ್ಲುಗಳ ನಡುವೆ ಒಂದರ ಮೇಲೊಂದು ಇಡಿಸಿ ನೋಡಿ. ಮೂರು ಬೆರಳು ಹಿಡಿಸದಿದ್ದರೆ ಅರಿವಳಿಕೆ ವೈದ್ಯರಿಗೆ ಆಗಲೇ ಹೇಳಬೇಕು. ಮೇಜಿನ ಮೇಲೆ ಮಲಗಿಸಿದ ಮೇಲೆ ಗೊತ್ತಾಗುವ ವಿಷಯವಲ್ಲ ಇದು. ಅರ್ಧ ಎಚ್ಚರದಲ್ಲಿ ಟಾವಿ ಮಾಡುವುದು ಇವರಿಗೆ ದೊಡ್ಡ ವರ. ಕುತ್ತಿಗೆಗೆ ಕರೆಂಟ್ ಬಿದ್ದಿದ್ದರೆ ಮಿದುಳಿಗೆ ಹೋಗುವ ಕೆರೊಟಿಡ್ ನಾಳವೂ ಕಿರಿದಾಗಿರಬಹುದು. ಅದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸದೆ ಮುಂದುವರಿಯಬಾರದು.

ಹಲ್ಲು ಇದಕ್ಕಿಂತ ಸೂಕ್ಷ್ಮ. ಹುಳುಕು ಹಲ್ಲಿನ ಸೋಂಕು ಹೊಸ ಕವಾಟಕ್ಕೆ ಹತ್ತುತ್ತದೆ ಎಂದು ಮೊದಲೇ ಕೀಳಿಸುವುದು ವಾಡಿಕೆ. ಆದರೆ ಕರೆಂಟ್ ಬಿದ್ದ ದವಡೆಯಿಂದ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯಬಹುದು. ಕರೆಂಟ್ ಕೊಟ್ಟ ಆಸ್ಪತ್ರೆಯಿಂದ ದವಡೆಗೆ ಎಷ್ಟು ಡೋಸ್ ಬಿದ್ದಿದೆ ಎಂದು ತಿಳಿದುಕೊಂಡು, ಕೀಳದೆ ಬೇರಿನ ಚಿಕಿತ್ಸೆಯಿಂದ ಉಳಿಸಿಕೊಳ್ಳಬಹುದೇ ಎಂದು ದಂತವೈದ್ಯರು ನಿರ್ಧರಿಸಬೇಕು. ಕವಾಟ ಹಾಕಿದ ಮೇಲೆ ಒಸಡನ್ನು ಅಥವಾ ಹಲ್ಲಿನ ಬೇರನ್ನು ಮುಟ್ಟುವ ಕೆಲಸಕ್ಕೆ ಅರ್ಧ-ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ. ಪೆನಿಸಿಲಿನ್ ಒಗ್ಗದವರಿಗೆ ಅಜಿಥ್ರೋಮೈಸಿನ್ 500 ಮಿಲಿಗ್ರಾಂ.

ರಕ್ತಹೀನತೆಯ ವಿಷಯವನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಕರುಳಿನ ಕ್ಯಾನ್ಸರ್ ಆಗಿಹೋದ ಹಿರಿಯರಿಗೆ ಮತ್ತೆ ಹಿಮೋಗ್ಲೋಬಿನ್ ಏಳಕ್ಕೆ ಇಳಿದರೆ ‘ಗಡ್ಡೆ ಮರಳಿ ಬಂತು’ ಎಂದೇ ಎಲ್ಲರೂ ತಿಳಿಯುತ್ತಾರೆ. ಬಿಗಿದ ಕವಾಟದಿಂದಲೂ ಕರುಳು ರಕ್ತ ಸುರಿಸುತ್ತದೆ. ಕಿರಿದಾದ ಸಂದಿಯಿಂದ ನುಗ್ಗುವಾಗ ರಕ್ತ ಹೆಪ್ಪುಗಟ್ಟಿಸುವ ಒಂದು ಪ್ರೋಟೀನ್ ತುಂಡಾಗುತ್ತದೆ. ಕರುಳಿನ ಗೋಡೆಯ ಸೊಟ್ಟ ರಕ್ತನಾಳಗಳು ಜಿನುಗುತ್ತವೆ. 1958ರಲ್ಲಿ ಇದನ್ನು ಗುರುತಿಸಿದ ಹೇಡ್ ಅವರ ಹೆಸರೇ ಈ ಕಾಯಿಲೆಗೆ ಬಂದಿದೆ. ಕವಾಟ ಬದಲಿಸಿದರೆ ಬಹಳ ಜನರಲ್ಲಿ ಈ ರಕ್ತಸ್ರಾವ ನಿಲ್ಲುತ್ತದೆ. ಕೊಲೊನೋಸ್ಕೋಪಿ ಮಾಡಿಸಿ ಗಡ್ಡೆ ಇಲ್ಲವೆಂದು ಖಾತ್ರಿಯಾದ ಮೇಲೆ ಈ ಸಾಧ್ಯತೆಯನ್ನು ನೆನೆಯಬೇಕು. ಇದರ ತಿರುವುಮುರುವೂ ಇದೆ. ಕವಾಟದ ಸೋಂಕಿನಲ್ಲಿ ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್ ಎಂಬ ಬ್ಯಾಕ್ಟೀರಿಯಾ ಬೆಳೆದರೆ, ಕರುಳಿನಲ್ಲಿ ಗಡ್ಡೆ ಅಡಗಿದೆಯೇ ಎಂದು ಹುಡುಕಲೇಬೇಕು.

ಗಡ್ಡೆ ಮೊದಲೋ ಕವಾಟ ಮೊದಲೋ ಎಂಬ ಪ್ರಶ್ನೆ ಬಂದಾಗ, ಕವಾಟ ತೀವ್ರವಾಗಿ ಬಿಗಿದು ತ್ರಾಸು ಇದ್ದರೆ ಸಾಮಾನ್ಯವಾಗಿ ಕವಾಟವೇ ಮೊದಲು. ಟಾವಿ ಆದರೆ ಕೆಲವೇ ವಾರಗಳಲ್ಲಿ ಗಡ್ಡೆಯ ಆಪರೇಷನ್ನಿಗೆ ಹೋಗಬಹುದು. ಎದೆ ತೆರೆದರೆ ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಷ್ಟು ದಿನ ಗಡ್ಡೆ ಕಾಯುವುದಿಲ್ಲ. ಗಡ್ಡೆಯಿಂದ ಕರುಳೇ ಕಟ್ಟಿಕೊಂಡಿದ್ದರೆ ಮಾತ್ರ ಈ ಕ್ರಮ ಬದಲಾಗುತ್ತದೆ.

ಯಾವ ಕವಾಟ ಎಂಬುದರಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ. ತಿರುವನಂತಪುರದ ಚಿತ್ರಾ ಸಂಸ್ಥೆ ಅಭಿವೃದ್ಧಿಪಡಿಸಿ 1990ರಿಂದ ಬಳಕೆಯಲ್ಲಿರುವ ಲೋಹದ ಕವಾಟ ಬಡವರ ಪಾಲಿಗೆ ದೊಡ್ಡ ಉಪಕಾರ ಮಾಡಿದೆ. ಕಿರಿಯರಿಗೆ ಇಂದಿಗೂ ಸರಿ. ಕ್ಯಾನ್ಸರ್ ಚಿಕಿತ್ಸೆ ಮತ್ತೆ ಬೇಕಾಗಬಹುದಾದ ಹಿರಿಯರಿಗೆ ಲೋಹದ ಕವಾಟ ಬೇಡ. ಅದಕ್ಕೆ ಜೀವನಪೂರ್ತಿ ವಾರ್ಫರಿನ್ ಅಥವಾ ಅಸಿಟ್ರಾಂ ಎಂಬ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಬೇಕು, ಮಹಾಪಧಮನಿಯ ಕವಾಟಕ್ಕೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ತೋರಿಸುವ ಅಂಕಿ ಐಎನ್‌ಆರ್ 2ರಿಂದ 3ರೊಳಗೆ ನಿಲ್ಲಬೇಕು. ಕಿಮೋದಲ್ಲಿ ಅದು ನಿಲ್ಲುವುದಿಲ್ಲ. ಕಿಮೋದ ಕೇಪ್‌ಸಿಟಾಬಿನ್ ಗುಳಿಗೆ ಅದನ್ನು ಏರಿಸುತ್ತದೆ, ಸ್ತನ ಕ್ಯಾನ್ಸರಿನ ಟ್ಯಾಮೊಕ್ಸಿಫೆನ್ ಗುಳಿಗೆ ಏರಿಸುತ್ತದೆ, ಬಾಯಿಹುಣ್ಣಿನ ಬೂಷ್ಟಿಗೆ ಕೊಡುವ ಫ್ಲುಕೊನಜೋಲ್ ಎರಡು-ಮೂರು ದಿನದಲ್ಲೇ ಏರಿಸಬಲ್ಲದು. ವಾಂತಿಯಾಗಿ ರೊಟ್ಟಿ-ಪಲ್ಲೆ ಬಿಟ್ಟರೂ ಏರುತ್ತದೆ. ಅತ್ತ ಕಿಮೋದಿಂದ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿಳಿದಾಗ ಗುಳಿಗೆ ನುಂಗಿದರೆ ರಕ್ತಸ್ರಾವ, ಬಿಟ್ಟರೆ ಕವಾಟದಲ್ಲಿ ಹೆಪ್ಪು. ಪ್ರಾಣಿಯ ಅಂಗಾಂಶದಿಂದ ಮಾಡಿದ ಜೈವಿಕ ಕವಾಟ 10ರಿಂದ 15 ವರ್ಷ ಬಾಳುತ್ತದೆ. ಟಾವಿಯದೂ ಜೈವಿಕ ಕವಾಟವೇ; ಅದಾದ ಮೇಲೆ ಬೇರೆ ಕಾರಣ ಇಲ್ಲದಿದ್ದರೆ ದಿನಕ್ಕೊಂದು ಸಣ್ಣ ಆಸ್ಪಿರಿನ್ ಸಾಕು. ಈಗಾಗಲೇ ಲೋಹದ ಕವಾಟ ಇರುವವರು ಕಿಮೋದ ಪ್ರತಿ ಸುತ್ತಿನಲ್ಲೂ ವಾರಕ್ಕೊಮ್ಮೆಯಾದರೂ ಐಎನ್‌ಆರ್ ನೋಡಿಸಬೇಕು. ಮೊಣಕಾಲು ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗಬಾರದು. ಸೊಪ್ಪು ಗುಳಿಗೆಗೆ ಅಡ್ಡ ಬರುತ್ತದೆಂದು ಮೆಂತ್ಯ, ರಾಜಗಿರಿ, ಹಕ್ಕರಿಕೆ ಬಿಡಬೇಕಿಲ್ಲ. ವಾರಕ್ಕೆ ಎಷ್ಟು ತಿನ್ನುತ್ತಿದ್ದರೋ ಅಷ್ಟೇ ತಿಂದರಾಯಿತು.

ಕವಾಟ ಹಾಕಿಸಿಕೊಂಡವರಿಗೆ ಕಿಮೋ ಪೋರ್ಟ್ (ಔಷಧಿ ಏರಿಸಲು ಚರ್ಮದಡಿ ಕೂರಿಸಿದ ಸಾಧನ) ಇದ್ದು ಚಳಿಜ್ವರ ಬಂದರೆ, ಓಣಿಯ ದವಾಖಾನೆಯಲ್ಲಿ ಇಂಜೆಕ್ಷನ್ ಮಾಡಿಸುವ ಮೊದಲು ರಕ್ತದ ಕಲ್ಚರ್ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ತೆಗೆಯಬೇಕು. ಬೇರೆ ಬೇರೆ ಜಾಗದಿಂದ ಎರಡು-ಮೂರು ಸಲ, ಬಾಟಲಿಗೆ 8ರಿಂದ 10 ಮಿಲಿಲೀಟರ್. ಒಂದು ಡೋಸ್ ಆಂಟಿಬಯೋಟಿಕ್ ಬಿದ್ದ ಮೇಲೆ ಕಲ್ಚರಿನಲ್ಲಿ ಏನೂ ಬೆಳೆಯದೆ, ಕವಾಟ ಒಳಗೇ ಕೊಳೆಯುತ್ತಿರುವುದು ತಿಂಗಳ ಮೇಲೆ ಗೊತ್ತಾಗುವುದುಂಟು.

ಕ್ಯಾನ್ಸರ್ ತಪಾಸಣೆಗೆ ಎಂಆರ್‌ಐ ಬರೆದರೆ ‘ಎದೆಯೊಳಗೆ ವಾಲ್ವ್ ಐತಿ, ಆಗೂದಿಲ್ಲ’ ಎಂದು ವಾಪಸು ಕಳಿಸುವುದೂ ನಡೆಯುತ್ತದೆ. ಈಗ ಬಳಸುವ ಕವಾಟಗಳೊಂದಿಗೆ, ತಯಾರಕರು ಹೇಳಿದ ನಿಯಮದಂತೆ, ಎಂಆರ್‌ಐ ಮಾಡಬಹುದು. ಕವಾಟದ ಕಂಪನಿ, ಅಳತೆ, ಕ್ರಮಸಂಖ್ಯೆ ಇರುವ ಕಾರ್ಡು ತೋರಿಸಬೇಕು ಅಷ್ಟೇ. ಪೆಟ್ ಸ್ಕ್ಯಾನಿನಲ್ಲಿ ಹೊಸ ಕವಾಟದ ಸುತ್ತ ಮೊದಲ ಮೂರು ತಿಂಗಳು ಹೊಳಪು ಕಾಣುವುದು ಸಹಜ. ಕಂಡ ಕೂಡಲೇ ಕ್ಯಾನ್ಸರ್ ಎಂದು ಅಂಜಬೇಡಿ. ಪೇಸ್‌ಮೇಕರ್ ಬಿದ್ದವರಿಗೆ ಮತ್ತೆ ಕರೆಂಟ್ ಕೊಡುವುದಿದ್ದರೆ ಯಂತ್ರ ಯಾವ ಭುಜದಲ್ಲಿದೆ ಎಂದು ಮೊದಲೇ ಹೇಳಿ.

ಹಣದ ಮಾತು ಬಿಟ್ಟು ಈ ಪತ್ರ ಮುಗಿಯುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30. ಟಾವಿಯ ಕವಾಟದ ಬೆಲೆಯೊಂದೇ ಆ ಮಿತಿಯನ್ನು ದಾಟುತ್ತದೆ. ಎದೆ ತೆರೆಯಲು ಆಗದಂತೆ ಕರೆಂಟಿನಿಂದ ಕೆಟ್ಟವರಿಗೆ ಟಾವಿ ಬಿಟ್ಟು ಬೇರೆ ದಾರಿಯೇ ಇಲ್ಲ. ಕನಿಷ್ಠ ಈ ಗುಂಪಿಗಾದರೂ ವಿಶೇಷ ಮಂಜೂರಾತಿ ಬೇಕೆಂದು ಆರೋಗ್ಯ ಇಲಾಖೆಯನ್ನು ಕೇಳುತ್ತೇವೆ.

ಇನ್ನೊಂದು ಬೇಡಿಕೆಗೆ ಖರ್ಚೇ ಇಲ್ಲ. ಕ್ಯಾನ್ಸರ್ ಚಿಕಿತ್ಸೆ ಮುಗಿದ ದಿನ ಪ್ರತಿ ಆಸ್ಪತ್ರೆಯೂ ರೋಗಿಯ ಕೈಗೆ ಒಂದು ಹಾಳೆ ಕೊಡಬೇಕು: ಯಾವ ಕ್ಯಾನ್ಸರ್, ಯಾವ ಹಂತ, ಕರೆಂಟ್ ಎಲ್ಲಿಗೆ ಎಷ್ಟು ಗ್ರೇ (ಕಿರಣದ ಡೋಸಿನ ಅಳತೆ), ಡಾಕ್ಸೊರುಬಿಸಿನ್ ಒಟ್ಟು ಎಷ್ಟು, ಮುಗಿದದ್ದು ಯಾವಾಗ. ವಿಜಯಪುರದವರು ಸೊಲ್ಲಾಪುರಕ್ಕೆ, ಬೆಳಗಾವಿಯವರು ಮಿರಜಕ್ಕೆ, ಬಾಗಲಕೋಟೆಯವರು ಹುಬ್ಬಳ್ಳಿಗೆ ಹೋಗಿ ಚಿಕಿತ್ಸೆ ಪಡೆಯುತ್ತಾರೆ. ಕಾಗದಗಳು ಅಲ್ಲೇ ಉಳಿಯುತ್ತವೆ, ಇಲ್ಲವೇ ಜಂತಿಗೆ ಸಿಕ್ಕಿಸಿದ ಕೈಚೀಲದಲ್ಲಿ ಮಳೆನೀರು ಕುಡಿದು ಅಕ್ಷರ ಅಳಿಸಿರುತ್ತವೆ. ಹತ್ತು-ಹದಿನೈದು ವರ್ಷದ ಮೇಲೆ ಕವಾಟದ ವೈದ್ಯರ ಮುಂದೆ ಕೂತಾಗ ಮಗ ‘ಮೂವತ್ತು ಸಲ ಕರೆಂಟ್ ಕೊಟ್ಟಾರ್ರೀ’ ಎಂದಷ್ಟೇ ಹೇಳಬಲ್ಲ. ಇಂಥ ವಿವರದ ಕಾಗದ ಈಗ ಯಾರ ಮನೆಯಲ್ಲಿದೆಯೋ ಅವರು ಇವತ್ತೇ ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ಮನೆಯ ಇನ್ನಿಬ್ಬರಿಗೆ ಕಳಿಸಿಡಬೇಕು.

ಇತಿ,
ಹೃದಯ ಮತ್ತು ಕ್ಯಾನ್ಸರ್ ಚಿಕಿತ್ಸಾ ವಿಭಾಗಗಳ ವೈದ್ಯರು ಹಾಗೂ ಶುಶ್ರೂಷಕರು,
ವಿಜಯಪುರ